ಒಂದು ಬಟ್ಟಲು ತಣ್ಣನೆಯ ಹಾಲು

ರಾಣೆಬೆನ್ನೂರಿನಿಂದ ಹಾವೇರಿಗೆ ಹೊರಟ ನಮ್ಮ ಬಸ್ಸು ಬ್ಯಾಡಗಿಯಲ್ಲಿ ಪಂಕ್ಚರ್ ಆಯಿತು. ಹಾವೇರಿ ಇನ್ನೂ ಜಿಲ್ಲೆಯಾಗಿರದ ಕಾಲ ಅದು. ನೆರಳು ಹುಡುಕಿ ಒಂದು ಮೆಣಸಿನಕಾಯಿ ಗೋದಾಮಿನ ಬಾಗಿಲಲ್ಲಿ ನಿಂತೆವು. ನನ್ನ ಪುಟ್ಟ ಮಗಳು ಒಂದು ಕಾಯಿ ಎತ್ತಿ ಮುರಿದು, ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡು ಚೀರತೊಡಗಿದಳು.

ಅಲ್ಲಿ ಕಾಯಿಯ ತೊಟ್ಟು ಬಿಡಿಸುತ್ತಿದ್ದ ಲಂಬಾಣಿ ಹೆಂಗಸು ಸೋಮ್ಲಿಬಾಯಿ ಓಡಿ ಬಂದರು. ಅವರ ಕೈಯೂ ಖಾರ. ಮಗುವನ್ನು ಮುಟ್ಟದೆ, ಮಹಡಿಯತ್ತ ನನಗೆ ತಿಳಿಯದ ಭಾಷೆಯಲ್ಲಿ ಏನೋ ಕೂಗಿದರು. ಗೋದಾಮಿನ ಮಾಲೀಕರ ತಾಯಿ, ಮಾರವಾಡಿ ಅಜ್ಜಿ, ಬಟ್ಟಲಲ್ಲಿ ತಣ್ಣನೆಯ ಹಾಲು ಹಿಡಿದು ಇಳಿದು ಬಂದರು. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಹಾಲಲ್ಲಿ ಅದ್ದಿದ ಬಟ್ಟೆಯನ್ನು ಕಣ್ಣ ಮೇಲಿಟ್ಟರು. ಅವಳ ಅಳು ನಿಂತಾಗ ನನಗೂ ಉಸಿರು ಬಂತು.

"ನಿಮಗ ಮಾರವಾಡಿ ಮಾತು ಬರತೈತೇನ್ರಿ?" ಎಂದು ಸೋಮ್ಲಿಬಾಯಿಯನ್ನು ಕೇಳಿದೆ.

"ಇಲ್ರೀ, ನಮ್ಮ ಮಾತಿನ್ಯಾಗ ಒದರಿದ್ನಿ. ಅವರಿಗೆ ತಿಳೀತೈತಿ. ನಮ್ಮ ಹಿರ್ಯಾರೂ ಅವರ ಸೀಮಿ ಕಡಿಂದನ ಬಂದಾರಂತ್ರಿ."

"ನಮಗಿಂತ ಎಷ್ಟೋ ಮೊದಲ ಬಂದಾರ," ಎಂದರು ಅಜ್ಜಿ. "ಆದ್ರ ನಾವು ಬಂದಾಗ ಅಂಗಡಿ ಹಾಕಾಕ ರೊಕ್ಕಾ ಕೊಡೋ ನಮ್ಮವರು ಇಲ್ಲಿದ್ರು. ಇವರಿಗೆ ಯಾರಿದ್ರು?"

"ಖರೇ ಐತಿ," ಎಂದಷ್ಟೇ ಹೇಳಿ ಸೋಮ್ಲಿಬಾಯಿ ಬಾಗಿ ಮಗಳ ಕಣ್ಣು ನೋಡಿದರು. "ಕೆಂಪ ಇಳದೈತಿ, ಹೆದರಬ್ಯಾಡ್ರಿ."

ಡ್ರೈವರ್ ಹಾರ್ನ್ ಹೊಡೆದ. ನಾನು ಇಬ್ಬರಿಗೂ ಮನಸಾರೆ ಕೈಮುಗಿದೆ. ಅಜ್ಜಿ ಮಗಳ ಕೆನ್ನೆ ಸವರಿ ಮಹಡಿ ಹತ್ತಿದರು. ಸೋಮ್ಲಿಬಾಯಿ ಆಗಲೇ ರಾಶಿಯ ಮುಂದೆ ಕೂತಿದ್ದರು. ಅಲ್ಲಿಂದಲೇ ಕೂಗಿ ಹೇಳಿದರು:

"ಹೋಗಿ ಬರ್ರಿ. ಮೊದಲ ಕೂಸಿನ ಕೈ ತೊಳೀರಿ!"