ಬೊಂಬಾಯಿ ಭಾವನ ಹಂದಿ

ಮೊನ್ನೆ ಪರ್ಕಳದ ನಮ್ಮ ಬಾಡಿಗೆ ರೂಮಿನಲ್ಲಿ ಗೆಳೆಯನ ಹುಟ್ಟುಹಬ್ಬ. ಕೇಕಿನ ಮೇಲೆ ಬಗ್ಗಿ ಊದಲು ಹೋದವನ ಮುಂಗೂದಲಿಗೆ ಮೇಣದಬತ್ತಿಯ ಬೆಂಕಿ ತಾಗಿ ಚರ್ ಎಂದಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನು ಕಿರುಚಿದ ರೀತಿಯನ್ನು ಮರುಕ್ಷಣವೇ ಮಾಡಿ ತೋರಿಸಬೇಕಾದ ನಾನು, ಆ ಕೆಲಸಕ್ಕೇ ಹುಟ್ಟಿದವನು, ಬಾಯಿ ಕಟ್ಟಿಕೊಂಡು ನಿಂತೆ. ಸುಟ್ಟ ಕೂದಲಿನ ಆ ಕಮಟು ವಾಸನೆ ನನ್ನನ್ನು ಎತ್ತಿಕೊಂಡು ಹೋಗಿ ಹಿರಿಯಡ್ಕದ ಆಚೆ, ಸಂಜೀವ ಮಾವನ ಮನೆಯ ಹಿಂದಿನ ಕೆಂಪು ಮುರಕಲ್ಲಿನ ಗುಡ್ಡೆಯ ಮೇಲೆ ಇಳಿಸಿತ್ತು. ಅಲ್ಲಿ ಒಣ ತೆಂಗಿನ ಮಡಲಿಗೆ ಬೆಂಕಿ ಹಾಕಿ ಕಾಡುಹಂದಿಯ ರೋಮ ಸುಡುತ್ತಿದ್ದರು. ಎಷ್ಟು ವರ್ಷವಾದರೂ ಮೂಗಿಗೆ ಮರೆವು ಎಂಬುದಿಲ್ಲ ನೋಡಿ. ನಿಮಗೂ ಅಂಥ ಒಂದು ಮನೆ ಇದ್ದಿರಬಹುದು, ಈಗ ಬರೀ ಮೂಗಿನಲ್ಲಿ ಉಳಿದಿರುವಂಥದ್ದು.

ಮಾವ ಎಂದರೆ ಅಮ್ಮನ ಅಣ್ಣ. ಅಪ್ಪ ಮಸ್ಕತ್ತಿನಲ್ಲಿದ್ದುದರಿಂದ ನಾನೂ ಅಮ್ಮನೂ ಅವರ ಮನೆಯಲ್ಲೇ ಇದ್ದೆವು. ಕುಚ್ಚಲಕ್ಕಿ ಗಂಜಿಯ ಹಬೆ, ಸೌದೆಯ ಹೊಗೆ, ಅತ್ತೆಯ ಬಂಗುಡೆ ಸಾರು, ಇವುಗಳ ನಡುವೆ ಮಾವ ಕೋವಿಗೆ ಎಣ್ಣೆ ಹಚ್ಚುವ ವಾಸನೆ. ಬೆಳೆ ಕಾಯಲೆಂದು ಲೈಸೆನ್ಸ್ ಸಿಕ್ಕಿದ ಒಂಟಿ ನಳಿಗೆಯ ಕೋವಿ ಅದು. ಸುಗ್ಗಿ ಬೆಳೆ ಹಾಲುಗಟ್ಟುವ ಹೊತ್ತಿಗೆ ಹಂದಿಗಳು ಗದ್ದೆಗೆ ಇಳಿಯುತ್ತಿದ್ದವು. ಬೆಳಿಗ್ಗೆ ಮಾವ ಗುಡ್ಡೆಯ ತುದಿಯಲ್ಲಿ ನಿಂತು, ಕೈಗಳನ್ನು ಬಾಯಿಗೆ ಹಿಡಿದು 'ಕೂ' ಎಂದು ಎಳೆದರೆ ಸುತ್ತಿನ ಮನೆಗಳಿಂದ ಕೂಗು ಮರಳಿ ಬರುತ್ತಿತ್ತು. ಕೆಳಗಿನ ಮನೆಯ ಶೀನಣ್ಣನದ್ದು ಒಡೆದ ಶಂಖದ ಹಾಗೆ. ನೀರಿನ ತೋಡಿನ ಆಚೆಯ ಅಬ್ಬುಕಾಕರದ್ದು ಕೆಮ್ಮಿನಿಂದ ಶುರುವಾಗಿ ಕೆಮ್ಮಿನಲ್ಲೇ ಮುಗಿಯುವ ಕೂಗು. ಎಲ್ಲರದ್ದನ್ನೂ ಅಡುಗೆಮನೆಯಲ್ಲಿ ಕೂಗಿ ತೋರಿಸಿ ನಾನು ಅತ್ತೆಯ ಕೈಯಿಂದ ಬೆಲ್ಲ ಗಿಟ್ಟಿಸುತ್ತಿದ್ದೆ. ನಿನ್ನ ಸ್ವಂತ ದನಿ ಯಾವುದು ಎಂದು ಕೇಳಿದರೆ ಮಾತ್ರ ನನಗೆ ಗೊತ್ತಿರಲಿಲ್ಲ. ಈಗಲೂ ಅಷ್ಟೇ.

ಓಗೊಟ್ಟು ಬಂದವರೆಲ್ಲ ಪೊದೆ ಬಡಿದು ಹಂದಿಯನ್ನು ಎಬ್ಬಿಸಬೇಕು; ಬಂದವರಿಗೆಲ್ಲ ಸಮಪಾಲು. ಹಂದಿಯನ್ನು ಬಿದ್ದಲ್ಲೇ ಸುಟ್ಟು, ಕೊಯ್ದು, ಬಾಳೆಲೆಗಳ ಮೇಲೆ ಪಾಲು ಹಾಕುವುದು ನಮ್ಮಲ್ಲಿಯ ಕ್ರಮ. ನಾಯಿ ಕಾಳನಿಗೂ ಒಂದು ಎಲೆ. ಹಂದಿಯನ್ನು ಮುಟ್ಟದ ಅಬ್ಬುಕಾಕರಿಗೂ ಒಂದು ಎಲೆ. ಅವರು ದೂರದಲ್ಲಿ ನಿಂತು ಕೋಲು ಚಾಚಿ, "ಅದು ನನ್ನದಲ್ವಾ? ಕಾಳನಿಗೆ ಹಾಕಿ," ಎನ್ನುತ್ತಿದ್ದರು. ಎಲೆ ಇಡದಿದ್ದರೆ ಅವರು ಬಂದೇ ಇರಲಿಲ್ಲ ಎಂದ ಹಾಗೆ. ಹಂಚುವ ಹಕ್ಕು ಮಾತ್ರ ಗುಂಡು ಹೊಡೆದವನದ್ದು. ಕೋವಿ ಯಾವಾಗಲೂ ಮಾವನ ಕೈಯಲ್ಲೇ ಇದ್ದುದರಿಂದ ಆ ಹಕ್ಕಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಆ ವರ್ಷ ಅತ್ತೆಯ ತಮ್ಮ, ಬೊಂಬಾಯಿಯಲ್ಲಿ ಹೋಟೆಲು ಇಟ್ಟು ಎಲ್ಲರ ಬಾಯಲ್ಲಿ 'ಬೊಂಬಾಯಿ ಭಾವ' ಆದವರು, ಕಾಪುವಿನಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶದ ಒಕ್ಕಲಿಗೆಂದು ಊರಿಗೆ ಬಂದರು. "ಭಾವ, ನನಗೊಂದು ಶಿಕಾರಿ ತೋರಿಸಬೇಕು," ಎಂದು ಹಟ ಹಿಡಿದರು. ಶಿಕಾರಿಯ ದಿನ ಬೆಳಿಗ್ಗೆ ಬಂದಿಳಿದದ್ದು ಪಿಕಪ್ಪಿನಲ್ಲಿ, ಮಿಲಿಟರಿ ಬಣ್ಣದ ಹೊಸ ಬಟ್ಟೆ ಹಾಕಿಕೊಂಡು. ಅಂಗಿಯ ಕಾಲರಿನಿಂದ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. ಮೈಗೆ ಹೊಡೆದ ಸೆಂಟಿನ ಘಮಕ್ಕೆ ಮಲ್ಪೆಯ ಮೀನುಗಳೂ ಓಡಬೇಕು. ಅಬ್ಬುಕಾಕ ಮೂಗು ಮುಚ್ಚಿ, "ಹಂದಿಯನ್ನು ಕೊಲ್ಲುವುದೋ ಮದುವೆ ಮಾಡಿಸುವುದೋ?" ಎಂದರು. ಎಲ್ಲರೂ ನಕ್ಕರು, ಬೊಂಬಾಯಿ ಭಾವನೂ ನಕ್ಕರು. ಮಾವ ಅವರನ್ನು ಕೈ ಹಿಡಿದು ನಡೆಸಿ, ಹಂದಿ ದಾಟುವ ದಾರಿ ತೋರಿಸಿ, ತಾನು ನಿಲ್ಲುವ ಬಂಡೆಯ ಹಿಂದೆಯೇ ನಿಲ್ಲಿಸಿದರು. ಆಮೇಲೆ, ಹೆಂಡತಿಯ ತಮ್ಮ ಮನೆಗೆ ಬಂದಾಗ ಒಳ್ಳೆಯ ಮಣೆಯನ್ನು ಅವನ ಕಡೆಗೆ ಸರಿಸುವ ಹಾಗೆ, ಕೋವಿಯನ್ನೇ ಅವರ ಕೈಗೆ ಕೊಟ್ಟರು. ಮರ್ಯಾದೆ ಎಂಬ ರೋಗಕ್ಕೆ ನಮ್ಮ ಕಡೆ ಮದ್ದಿಲ್ಲ ಮಾರಾಯ್ರೆ.

ಹಂದಿ ಎದ್ದದ್ದು ಶೀನಣ್ಣನ ಕಾಲ ಬುಡದಲ್ಲಿ. ಅವನ ತೊಡೆ ಸಿಗಿದುಕೊಂಡೇ ಅದು ಬಂಡೆಯ ಕಡೆಗೆ ನುಗ್ಗಿತು. ಗುಂಡು ಹಾರಿತು, ಹಂದಿ ಬಿತ್ತು. ಶೀನಣ್ಣ ತೊಡೆಗೆ ಹೆಗಲ ಮೇಲಿನ ಬೈರಾಸು ಬಿಗಿದುಕೊಂಡು, "ಎಂತ ಇಲ್ಲ, ಚರ್ಮ ಹೋದದ್ದು," ಎಂದು ಮಡಲು ತರಲು ಹೊರಟೇಬಿಟ್ಟ. ರೋಮ ಸುಟ್ಟಾಯಿತು, ಎಲೆ ಹಾಸಿಯಾಯಿತು. ಮಾವ ಕತ್ತಿ ಮಸೆಯುತ್ತಿದ್ದಾಗ ಬೊಂಬಾಯಿ ಭಾವ ಅಂದರು: "ಇಲ್ಲಿ ಕೊಯ್ಯುವುದು ಬೇಡ ಭಾವ. ನಾಡಿದ್ದು ಒಕ್ಕಲಿನ ಮರುದಿನದ ಊಟ ಉಂಟಲ್ಲ. ಇಡೀ ಹಂದಿ ಗಾಡಿಗೆ ಹಾಕಿಸಿ."

"ಇವರಿಗೆ ಪಾಲು..." ಎಂದರು ಮಾವ.

"ಹೊಡೆದದ್ದು ನಾನಲ್ವಾ?"

ಹಂಚುವ ಹಕ್ಕು ಹೊಡೆದವನದ್ದು. ಕ್ರಮವೇ ಹಾಗೆ. ಮಾವ ಕತ್ತಿಯನ್ನು ಪಂಚೆಗೆ ಒರೆಸಿದರು, ಇನ್ನೊಮ್ಮೆ ಒರೆಸಿದರು. ಹಂದಿಯನ್ನು ಹೊತ್ತು ಗಾಡಿಗೆ ಹಾಕಿದವರು ಶೀನಣ್ಣ ಮತ್ತು ಉಳಿದವರೇ. ಪಿಕಪ್ಪು ಹೋದ ಮೇಲೆ ಖಾಲಿ ಎಲೆಗಳು ಬಿಸಿಲಿಗೆ ಬಾಡಿ ಮಡಚಿಕೊಂಡವು. ಅಬ್ಬುಕಾಕ ಮಾವನ ಮುಖ ನೋಡದೆ, "ಅಡ್ಡಿಲ್ಲ ಸಂಜೀವಣ್ಣ, ನಾನು ಹೇಗೂ ತಿನ್ನುವವನಲ್ಲ. ಇವತ್ತು ನಾಯಿಗೂ ಇಲ್ಲದ ಹಾಗಾಯಿತು, ಅಷ್ಟೇ," ಎಂದು ತೋಡಿನ ಕಡೆಗೆ ಇಳಿದರು. ಅಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಬೊಂಬಾಯಿ ಭಾವನ ಹಾಗೆ ಎದೆಯುಬ್ಬಿಸಿ "ಹೊಡೆದದ್ದು ನಾನಲ್ವಾ?" ಎಂದೆ. ಅತ್ತೆ ನಕ್ಕುಬಿಟ್ಟರು. ನಕ್ಕು, ಸೆರಗಿನಿಂದ ಮುಖ ಒರೆಸಿಕೊಂಡು, "ಅವನು ನನ್ನ ತಮ್ಮ ಅಲ್ವಾ," ಎಂದರು. ಬೆಲ್ಲ ಸಿಗಲಿಲ್ಲ.

ಮರುವರ್ಷ ಹಂದಿಗಳು ಮತ್ತೆ ಗದ್ದೆಗೆ ಇಳಿದವು. ಮಾವ ಗುಡ್ಡೆಯ ತುದಿಗೆ ಹೋಗಿ ಕೂಗಿದರು. ಶೀನಣ್ಣನ ಮನೆಯಿಂದ ಒಲೆಯ ಹೊಗೆ ಏಳುತ್ತಿತ್ತು. ಅಬ್ಬುಕಾಕ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದುದು ನಾವು ನಿಂತಲ್ಲಿಗೇ ಕಾಣುತ್ತಿತ್ತು. ಅವರ ಕೈ ಒಮ್ಮೆ ನಿಂತಿತು. ಮತ್ತೆ ಸುಲಿಯತೊಡಗಿತು. ಜಗಳವೇನೂ ಇರಲಿಲ್ಲ, ಅದೇ ಕಷ್ಟ. ಪೇಟೆಯಲ್ಲಿ ಸಿಕ್ಕಿದರೆ "ಸಂಜೀವಣ್ಣ, ಆರಾಮಾ?" ಎಂದು ಕೇಳುತ್ತಿದ್ದರು, ಚಾ ಕುಡಿಸುತ್ತಿದ್ದರು. ಗುಡ್ಡೆಯಿಂದ ಬಂದ ಕೂಗು ಮಾತ್ರ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಚುನಾವಣೆ ಬಂದಾಗ ಲೈಸೆನ್ಸ್ ಇದ್ದ ಎಲ್ಲರ ಹಾಗೆ ಮಾವನೂ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬಂದರು. ಚುನಾವಣೆ ಮುಗಿಯಿತು, ಗೆದ್ದವರ ಮೆರವಣಿಗೆಯೂ ಮುಗಿಯಿತು. ಮಾವ ಅದನ್ನು ತರಲು ಹೋಗಲಿಲ್ಲ. ಅತ್ತೆ ನೆನಪು ಮಾಡಿದರೆ, "ತಂದು ಎಂತ ಮಾಡುವುದು?" ಎನ್ನುತ್ತಿದ್ದರು. ಸುಗ್ಗಿ ಬೆಳೆ ಹಾಕುವುದು ನಿಂತಿತು. ಗದ್ದೆಯಲ್ಲಿ ಹಂದಿಗಳೇ ಉತ್ತವು.

ಮಾವನ ಆ ಮನೆ ಈಗಿಲ್ಲ. ಹೆಂಚು, ಮರ, ಬಾಗಿಲು ಎಲ್ಲ ಬೇರೆ ಬೇರೆ ಲಾರಿ ಹತ್ತಿದವು. ಅತ್ತೆ ಕಾಪುವಿನಲ್ಲಿ ತಮ್ಮನ ಆ ಹೊಸ ಮನೆಯಲ್ಲೇ ಇದ್ದಾರೆ. ಬೇರೆ ಎಲ್ಲಿಗೆ ಹೋಗುವುದು? ಆದರೆ ನನ್ನ ಲೆಕ್ಕದಲ್ಲಿ ಮಾವನ ಮನೆ ಮುಗಿದದ್ದು ಅವರು ತೀರಿಕೊಂಡ ಬೆಳಿಗ್ಗೆ. ಅಂದು ಯಾರಿಗೂ ಹೇಳಿಕಳಿಸಿರಲಿಲ್ಲ. ಬೆಳಕು ಹರಿಯುವಾಗ ಶೀನಣ್ಣ ಅಂಗಳದಲ್ಲಿದ್ದ, ಹಿಂದೆಯೇ ಉಳಿದವರು. ಅಬ್ಬುಕಾಕ ಎಲ್ಲರಿಗಿಂತ ಹಿಂದೆ, ಟೊಪ್ಪಿ ಸರಿಮಾಡಿಕೊಳ್ಳುತ್ತಾ ಬಂದರು. ಅತ್ತೆ ಜಗಲಿಯ ಕಂಬ ಹಿಡಿದು ನಿಂತು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು.

"ಅವರು ಅಷ್ಟು ಕರೆದಾಗ ಬರಲಿಲ್ಲವಲ್ಲ," ಎಂದರು.

ಅಬ್ಬುಕಾಕರೇ, "ಸಾವಿಗೆ ಕರೆಯುವ ಕ್ರಮ ಇಲ್ಲ ಅಲ್ವಾ ಅಕ್ಕಾ," ಎಂದರು, ತಗ್ಗಿದ ದನಿಯಲ್ಲಿ. ಅತ್ತೆ ಒಳಗೆ ಹೋದರು. ಶೀನಣ್ಣ ಕೊಡಲಿ ಎತ್ತಿಕೊಂಡು, ಚಿತೆಗೆ ಸೌದೆ ಕಡಿಯಲು ಹಿತ್ತಿಲಿನ ಮಾವಿನ ಮರದ ಕಡೆಗೆ ನಡೆದ.