ಪಾಚಿಕಪ್ಪೆಯ ಕೋಣೆ

ಕನ್ನಡಕದಕ್ಕನ ಬಾಯಿಗೆ ಹೆದರದ ಗಿರಾಕಿ ಆ ಬೀದಿಯಲ್ಲಿ ಇರಲಿಲ್ಲ. ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ನಗುನಗುತ್ತಾ ಮಾತಾಡಲು ಮುಂದುಗಡೆ ಮಾಲೀಕ ಇದ್ದ. ಆದರೂ ಯಾರಾದರೂ ಹೊಸ ಕನ್ನಡಕದಲ್ಲಿ ಸರಿಯಾಗಿ ಕಾಣುವುದಿಲ್ಲ ಎಂದು ರಾಗ ಎಳೆದರೆ ಪರದೆ ಸರಿಸಿ ಬಂದು, "ಮೊದಲು ಒರೆಸಿಕೊಳ್ಳಿ, ಆಮೇಲೆ ನೋಡಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿ ಹೋಗುತ್ತಿದ್ದಳು. ಒರೆಸಿಕೊಂಡರೆ ಕಾಣುತ್ತಿತ್ತು ಎನ್ನುವುದು ಬೇರೆ ಮಾತು.

ಇಂಥವಳ ಕೈಗೆ ಕಪ್ಪೆ ಬಂದದ್ದು ಪಕ್ಕದ ಮೀನಿನ ತೊಟ್ಟಿ ಮಾರುವವನಿಂದ. ಅವನು ಅಂಗಡಿ ಮುಚ್ಚುವ ದಿನ, ಅರ್ಧ ನೀರು ಅರ್ಧ ಕಲ್ಲು ತುಂಬಿದ ಒಂದು ಗಾಜಿನ ಪೆಟ್ಟಿಗೆಯನ್ನು ಖಾಲಿಯೆಂದು ತಿಳಿದು ಯಾರೂ ಕೊಳ್ಳಲಿಲ್ಲ. ಇವಳು ಒಮ್ಮೆ ಬಗ್ಗಿ ನೋಡಿ, "ಆ ಮೂಲೆ ಕಲ್ಲು ಉಸಿರಾಡ್ತಿದೆಯಲ್ಲ" ಅಂದಳು. ಅವನು ಪೆಟ್ಟಿಗೆಯನ್ನು ಅವಳಿಗೇ ಎತ್ತಿಕೊಟ್ಟುಬಿಟ್ಟ. ಅದು ಪಾಚಿಕಪ್ಪೆ. ಮೈತುಂಬ ಹಸಿರು ಗಂಟು, ನಡುನಡುವೆ ಕಂದು ಮಚ್ಚೆ. ಸೊಂಟದವರೆಗೆ ನೀರಿನಲ್ಲಿದ್ದು ಕಲ್ಲನ್ನು ತಬ್ಬಿಕೊಂಡು ಕೂತರೆ ಪಾಚಿ ಯಾವುದು, ಕಪ್ಪೆ ಯಾವುದು ಎಂದು ಹೇಳಲು ಸಾಧ್ಯವೇ ಇಲ್ಲ. ಹೆದರಿಸಿದರೆ ಕೈಕಾಲು ಮಡಚಿ ಉಂಡೆಯಾಗಿ ಸತ್ತಂತೆ ಬಿದ್ದುಕೊಳ್ಳುತ್ತದೆ.

ಮನೆಯಲ್ಲಿ ಇದ್ದದ್ದು ಮೂರೇ ಜನ. ಮದುವೆಯಾಗದ ಇವಳು, ತಮ್ಮ, ತಮ್ಮನ ಹೆಂಡತಿ. ಅಪ್ಪ ಸಾಯುವಾಗ ಬಿಸಿಲು ಬೀಳದ ಮುಂದಿನ ಕೋಣೆ ಮಗಳಿಗೆ ಎಂದು ಬಾಯಿಮಾತಿನಲ್ಲಿ ಹೇಳಿ ಹೋಗಿದ್ದ. ಬೀದಿಗೆ ಬಾಗಿಲಿದ್ದ ಆ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ಇಡಬೇಕೆಂದು ನಾದಿನಿಗೆ ಆಸೆ. ಇವಳು ಹಿತ್ತಲ ತಗಡಿನ ಕೋಣೆಗೆ ಹೋಗಲಿ ಎಂದು ಅವಳ ಹಟ. ಕಪ್ಪೆಗೆ ತಂಪು ಬೇಕು; ತಗಡಿನ ಕೆಳಗೆ ಒಂದು ಮಧ್ಯಾಹ್ನ ಇಟ್ಟರೂ ಅದು ಬದುಕುವುದಿಲ್ಲ. ಹೀಗಾಗಿ ಇವಳು ಜಪ್ಪಯ್ಯ ಅಂದರೂ ಕೋಣೆ ಬಿಡಲಿಲ್ಲ.

ಜಗಳಕ್ಕೆ ದಿನವೂ ಒಂದು ನೆಪ. ನಲ್ಲಿ ನೀರಿನ ಔಷಧದ ವಾಸನೆ ಹೋಗಲೆಂದು ಇವಳು ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದಿಟ್ಟ ನೀರಿನಲ್ಲಿ ನಾದಿನಿ ಬೇಕೆಂತಲೇ ನೆಲ ಒರೆಸುತ್ತಿದ್ದಳು. ಕಪ್ಪೆಯ ಊಟಕ್ಕೆಂದು ಡಬ್ಬಿಯಲ್ಲಿ ಸಾಕಿದ ಮಿಡತೆಗಳಲ್ಲೊಂದು ಒಮ್ಮೆ ತಪ್ಪಿಸಿಕೊಂಡು ನಾದಿನಿಯ ಭುಜದ ಮೇಲೆ ಕೂತಿತು. ಅವಳು ಕಿಟಾರನೆ ಕಿರುಚಿ, ಮಿಡತೆಯನ್ನು ಹಿಡಿದು ಗೋಡೆಗೆ ಬಡಿದ ರಭಸಕ್ಕೆ ಅದರ ಗುರುತೂ ಉಳಿಯಲಿಲ್ಲ. ರಾತ್ರಿ ಕಪ್ಪೆ ಸಣ್ಣಗೆ ಸಿಳ್ಳೆ ಹಾಕಿದರೆ, "ಎದುರುಮನೆಯೋರಿಗೆ ಗೇಟಿಗೆ ಎಣ್ಣೆ ಹಾಕೋಕೇನು ರೋಗ?" ಎಂದು ತಮ್ಮ ಹಾಸಿಗೆಯಿಂದಲೇ ಬೈಯುತ್ತಿದ್ದ. ಇವಳು ತಿದ್ದಲು ಹೋಗಲಿಲ್ಲ. ತಿದ್ದಿಸಿಕೊಳ್ಳುವ ಯೋಗ್ಯತೆ ಆ ಮನೆಯಲ್ಲಿ ಯಾರಿಗೂ ಇಲ್ಲ ಎಂದೇ ಅವಳ ಲೆಕ್ಕ.

ಕೊನೆಗೆ ನಾದಿನಿ ಹೊಸ ಮಾತು ತೆಗೆದಳು. "ಆ ಪೆಟ್ಟಿಗೇಲಿ ಏನೂ ಇಲ್ಲ ರೀ. ಕೋಣೆ ಹಿಡ್ಕೊಂಡು ಕೂರೋಕೆ ನಿಮ್ಮಕ್ಕ ಕಟ್ಟಿರೋ ಕತೆ."

ಭಾನುವಾರ ಸೋದರಮಾವನನ್ನು ಪಂಚಾಯಿತಿಗೆ ಕರೆಸಿದರು. ಕಪ್ಪೆ ಇದ್ದರೆ ಕೋಣೆ ಅಕ್ಕನದು, ಮತ್ತೆ ಯಾರೂ ತುಟಿ ಬಿಚ್ಚುವಂತಿಲ್ಲ. ಇಲ್ಲದಿದ್ದರೆ ಅವತ್ತೇ ಖಾಲಿ ಮಾಡಬೇಕು ಎಂದು ತೀರ್ಮಾನವಾಯಿತು. ಎಲ್ಲರೂ ಗಾಜಿಗೆ ಮೂಗು ಒತ್ತಿ ನಿಂತರು.

"ಎಲ್ಲೇ ಅದು?" ಎಂದ ಮಾವ.

"ಅಲ್ಲೇ ಇದೆ, ನೋಡಿ."

"ಕಡ್ಡಿಯಿಂದ ತಿವಿದು ತೋರಿಸಬಾರದಾ, ಅಕ್ಕಾ?"

"ತಿವಿಯೋಕೆ ಅದೇನು ನಿನ್ನ ಹಾಗೆ ಸೋಮಾರಿನಾ? ಕಣ್ಣಿದ್ದರೆ ನೋಡು, ಇಲ್ಲದಿದ್ದರೆ ಕನ್ನಡಕ ಹಾಕಿಸ್ಕೋ."

ಓದುವಾಗ ಪೇಪರನ್ನು ಮಾರು ದೂರ ಹಿಡಿಯುತ್ತಿದ್ದ ತಮ್ಮನಿಗೆ ಆ ಮಾತು ಚುಚ್ಚಿತು. ಅಷ್ಟರಲ್ಲಿ ನಾದಿನಿ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಬಂದು, "ನೀವು ಕೊಟ್ಟ ಕನ್ನಡಕ ಹಾಕಿದ್ದೀನಿ ಅತ್ತಿಗೆ, ನನಗೂ ಕಾಣ್ತಿಲ್ಲ" ಎಂದು ಸೋಪಿನ ನೊರೆ ಆರದ ಕೈಯನ್ನು ನೀರಿಗೆ ಹಾಕಿದಳು. ಒಂದೊಂದೇ ಕಲ್ಲು, ಒಂದೊಂದೇ ಪಾಚಿಯ ಗಡ್ಡೆ ತೆಗೆದು ತಮ್ಮ ಹಿಡಿದಿದ್ದ ಪ್ಲಾಸ್ಟಿಕ್ ಟಬ್ಬಿಗೆ ಎಸೆಯುತ್ತಾ ಹೋದಳು.

ನಾಲ್ಕನೆಯ ಗಡ್ಡೆ ಕಪ್ಪೆ.

ಕನ್ನಡಕದಕ್ಕ ನೋಡಿದಳು. ಗುಲಾಬಿ ಗ್ಲೌಸಿನೊಳಗೆ ಉಂಡೆಯಾಗಿ, ಕಾಲು ಮಡಚಿ, ಸತ್ತಂತೆ ಇತ್ತು. ನಾದಿನಿ ಅದನ್ನು ಎಲ್ಲರ ಮುಂದೆ ಎತ್ತಿ ತಿರುಗಿಸಿ ತೋರಿಸಿದಳು. "ನೋಡಿ ಮಾವ, ಬರೀ ಪಾಚಿ." ಮಾವ ತಲೆಯಾಡಿಸಿದ. ಟಬ್ಬಿಗೆ ಬಿದ್ದದ್ದನ್ನು ತಮ್ಮ ಕಣ್ಣು ಕಿರಿದು ಮಾಡಿ ನೋಡಿ, "ಹೂಂ, ಪಾಚಿನೇ" ಅಂದ.

ಅದೇ ಕಪ್ಪೆ ಎಂದು ಬಾಯಿ ಬಿಟ್ಟರೆ ಕೋಣೆ ಅವಳದು. ಆದರೆ ಬಾಯಿ ಬಿಟ್ಟ ಕ್ಷಣವೇ ನಾದಿನಿ ಕಿರುಚುತ್ತಾಳೆ, ತಮ್ಮ ಟಬ್ಬನ್ನು ಕೈಬಿಡುತ್ತಾನೆ, ಮಿಡತೆಗಾದ ಗತಿಯೇ ಇದಕ್ಕೂ. ಬಿಡದೆ ಸುಮ್ಮನಿದ್ದರೆ ಸೋಪು ಅದರ ಮೈಗೆ ಇಳಿದು ಕೊಲ್ಲುತ್ತದೆ. ಅವಳಿಗೆ ಅಳು ಬಂತು, ಸಿಟ್ಟು ಅದಕ್ಕಿಂತ ಮೊದಲು ಬಂತು. ಆ ಮೂವರನ್ನೂ ಅಷ್ಟು ದ್ವೇಷಿಸಿದ್ದು ಅವಳ ಬದುಕಿನಲ್ಲಿ ಅದೇ ಮೊದಲು.

"ಹೌದು, ಏನೂ ಇಲ್ಲ. ಸುಳ್ಳು ಹೇಳಿದ್ದೆ. ಆ ಟಬ್ ಇಲ್ಲಿ ಕೊಡು" ಅಂದಳು.

ನಾದಿನಿಯ ಮುಖ ಊರಗಲ ಅರಳಿತು. ಕನ್ನಡಕದಕ್ಕ ಟಬ್ಬನ್ನು ಎದೆಗವಚಿಕೊಂಡು ಬಚ್ಚಲಿಗೆ ಹೋಗಿ ಅಗುಳಿ ಹಾಕಿ, ಹಿಡಿದಿಟ್ಟ ನೀರಿನಲ್ಲಿ ಕಪ್ಪೆಯನ್ನು ತೊಳೆದಳು, ಮತ್ತೆ ತೊಳೆದಳು. ಬಹಳ ಹೊತ್ತಿನ ಮೇಲೆ ಅದು ಒಂದು ಕಣ್ಣು ತೆರೆಯಿತು.

ಈಗ ತಂದು ತೋರಿಸಿದರೂ ಕೋಣೆ ಉಳಿಯುತ್ತಿತ್ತು; ಆದರೆ ಅದನ್ನು ಮತ್ತೆ ಆ ಕೈಗಳ ಹತ್ತಿರ ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ಸಂಜೆಯೇ ಮನೆ ಬಿಟ್ಟಳು. ಅಂಗಡಿಯ ಅಟ್ಟದ ಮೇಲೆ ಹಾಸಿಗೆ, ಪರದೆಯ ಹಿಂದೆ ಗಾಜಿನ ಪೆಟ್ಟಿಗೆ. ಮಾಲೀಕ ಬೇಡ ಎನ್ನಲು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿಕೊಂಡ. ಮನೆಯ ಮುಂದಿನ ಕೋಣೆಗೆ ಪಾರ್ಲರ್ ಬೋರ್ಡು ಬಿತ್ತು.

ಚಳಿಗಾಲದಲ್ಲಿ ಒಂದು ದಿನ ಅಂಗಡಿ ಮುಚ್ಚುವ ಹೊತ್ತಿಗೆ ತಮ್ಮ ಬಂದ. ಪೇಪರ್ ಹಿಡಿಯಲು ಈಗ ಮಾರು ದೂರವೂ ಸಾಲದಾಗಿತ್ತು. ಮಾಲೀಕ ಕಣ್ಣು ಪರೀಕ್ಷೆ ಮಾಡಿ ಮನೆಗೆ ಹೋದ ಮೇಲೆ ಅಕ್ಕ ತಮ್ಮ ಇಬ್ಬರೇ ಉಳಿದರು. ಏನಾದರೂ ಮಾತಾಡಬೇಕಲ್ಲ ಎಂದು ಅವನು, "ಎದುರುಮನೆ ಗೇಟಿಗೆ ಅಂತೂ ಎಣ್ಣೆ ಹಾಕಿದ್ರು ಕಣಕ್ಕ. ನೀನು ಹೋದಾಗಿಂದ ಸದ್ದೇ ಇಲ್ಲ" ಅಂದ.

ಅಷ್ಟರಲ್ಲಿ ಪರದೆಯ ಹಿಂದಿನಿಂದ ಸಣ್ಣ ಸಿಳ್ಳೆ ಕೇಳಿಸಿತು.

ತಮ್ಮ ಅಲ್ಲಾಡದೆ ನಿಂತ. ಇನ್ನೊಂದು ಸಿಳ್ಳೆ. ಅವನ ಮುಖದ ಬಣ್ಣ ಇಳಿಯಿತು.

"ನೀನು ಹಿಡಿದಿದ್ದ ಟಬ್ಬಲ್ಲೇ ಇತ್ತು. ನೀನೇ ನೋಡಿ ಪಾಚಿ ಅಂದೆ" ಎಂದಳು ಅಕ್ಕ.

"ಮತ್ತೆ ಅವತ್ತು ಯಾಕೆ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ದರೆ ನಿಮ್ಮ ಕೈಯಲ್ಲಿ ಅದು ಉಳೀತಿತ್ತಾ?"

ಅವನು ಪರದೆ ಸರಿಸಿ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತ. ಗಾಜಿಗೆ ಹಣೆ ತಾಗಿಸಿದ. ಕಲ್ಲು, ನೀರು, ಪಾಚಿ.

"ಎಲ್ಲಿದೆ ಅಕ್ಕಾ? ನನಗೆ ಕಾಣ್ತಿಲ್ಲ. ಒಂದ್ಸಲ ತೋರಿಸೇ. ಮನೆಗೆ ಬಂದುಬಿಡು, ಕೋಣೆ ಬಿಡಿಸಿಕೊಡ್ತೀನಿ. ತೋರಿಸೇ."

ಕಪ್ಪೆ ಅವನ ಮೂಗಿನ ನೇರಕ್ಕೇ ಇತ್ತು. ಅವಳು ದೀಪ ಆರಿಸಿದಳು.

"ಕನ್ನಡಕ ಗುರುವಾರ ಆಗುತ್ತೆ. ಏಳು, ಶಟರ್ ಎಳೀಬೇಕು."