ಮುನಿತಾಯಮ್ಮನ ಏಟು

ಬಾಪೂಜಿ ನಗರದ ನಮ್ಮ ಬೀದಿಯಲ್ಲಿ ಮುನಿತಾಯಮ್ಮನ ಏಟು ತಿನ್ನದ ಗಂಡಸರು ಕಡಿಮೆ. ನಾನೂ ತಿಂದಿದ್ದೇನೆ. ಅವಳ ಮಟನ್ ಅಂಗಡಿಯ ಎದುರಿಗೇ ನನ್ನ ಸೈಕಲ್ ಶಾಪು, ತಪ್ಪಿಸಿಕೊಂಡು ಎಲ್ಲಿಗೆ ಹೋಗಲಿ? ಗಂಡ ಸತ್ತ ಮೇಲೆ ಕುರಿ ಕೊಯ್ಯುವುದು, ಮೂಳೆ ಕಡಿಯುವುದು ಎಲ್ಲ ಅವಳೇ. ಐವತ್ತು ದಾಟಿತ್ತು. ಬಾಯಿಯಂತೂ ಕೇಳಲೇಬೇಡಿ.

ಎಂಬತ್ತನಾಲ್ಕನೇ ಇಸವಿಯಲ್ಲಿ ಇಂಥವಳ ಕೈಗೆ ಪ್ರೊಬೇಷನ್ ಆಫೀಸರ್ ಕಲ್ಯಾಣಮ್ಮ ಒಬ್ಬ ಹುಡುಗನನ್ನು ಒಪ್ಪಿಸಿದರು. ಹೆಸರು ಬೈರ, ವಯಸ್ಸು ಹತ್ತೊಂಬತ್ತು. ಹೆಂಡದಂಗಡಿಯ ಮುಂದೆ ನಾರಾಯಣಪ್ಪ ಅನ್ನುವ ಪುಂಡನಿಗೆ ಚಾಕು ಹಾಕಿದ್ದ. ಕೋರ್ಟು ಜೈಲಿಗೆ ಕಳಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿತ್ತು. ಇನ್ನೊಮ್ಮೆ ಯಾರ ಮೇಲಾದರೂ ಕೈ ಎತ್ತಿದರೆ ಜೈಲು ಗ್ಯಾರಂಟಿ. ಹೆತ್ತ ಅಪ್ಪನೇ ಬಾಗಿಲು ಹಾಕಿಕೊಂಡಿದ್ದ. ಕೆಲಸವನ್ನೂ ಮಲಗಲು ಜಾಗವನ್ನೂ ಕೊಡುತ್ತೇನೆ ಅಂದವಳು ಮುನಿತಾಯಮ್ಮ ಒಬ್ಬಳೇ.

“ಚಾಕು ಹಾಕಿದವನ ಕೈಗೆ ಮಚ್ಚು ಕೊಡ್ತೀರೇನ್ರೀ?” ಕಲ್ಯಾಣಮ್ಮ ಗಾಬರಿಯಾದರು. ದಾವಣಗೆರೆ ಕಡೆಯವರು, ಮೆತ್ತಗಿನ ಹೆಂಗಸು.

“ಮಟನ್ ಅಂಗ್ಡೀಲಿ ಇನ್ನೇನ್ ಮಲ್ಲಿಗೆ ಹೂ ಕೊಡ್ಲಾ ಮೇಡಂ? ಕುರಿ ಕಡೀಲಿ. ಮನುಷ್ಯರನ್ನ ಕಡಿಯೋ ಚಟ ತಾನಾಗೇ ಬಿಡುತ್ತೆ.”

ಬಿಟ್ಟಿತು ಅನ್ನಿ. ತಡವಾಗಿ ಎದ್ದರೆ ಕೆನ್ನೆಗೆ ಬೀಳುತ್ತಿತ್ತು, ಗಿರಾಕಿಗೆ ಬರೀ ಮೂಳೆ ಹಾಕಿದರೆ ಬೆನ್ನಿಗೆ. ಹೊಡೆದ ಕೈಯಲ್ಲೇ ಮುದ್ದೆಯ ಮೇಲೆ ಬೋಟಿ ಸಾರು ಸುರಿಯುತ್ತಿದ್ದಳು. ಇದೆಂಥ ಸುಧಾರಣೆ ಅಂತ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಹುಡುಗ ಒಂದು ದಿನವೂ ಓಡಿಹೋಗಲಿಲ್ಲ.

ಆಯುಧಪೂಜೆ ಬಂತು. ಅಂಗಡಿಗೆ ರಜೆ. ಮಚ್ಚು, ಚಾಕುಗಳನ್ನು ತೊಳೆದು, ಕುಂಕುಮ ಹಚ್ಚಿ, ಮರದ ದಿಮ್ಮಿಯ ಮೇಲೆ ಸಾಲಾಗಿಟ್ಟು ಪೂಜೆ ಮಾಡಿದರು. ಕೊನೆಗೆ ದೃಷ್ಟಿ ತೆಗೆಯಲು ಬೂದುಗುಂಬಳ ಒಡೆಯಬೇಕು. ಊರವರೆಲ್ಲ ನೆಲಕ್ಕೆ ಅಪ್ಪಳಿಸಿದರೆ ಅವಳ ಮನೆತನದಲ್ಲಿ ಮಚ್ಚಿನಿಂದಲೇ ಕಡಿಯುವ ಪದ್ಧತಿ. ಕಾಯಿ ಕೊರೆದು ಕುಂಕುಮದ ನೀರು ತುಂಬಿ, ಬಾಗಿಲ ಮುಂದಿಟ್ಟು, “ಕಡಿಯೋ ಬೈರ” ಅಂದಳು. ಒಂದೇ ಏಟು. ಮಚ್ಚು, ಕೈ, ಅಂಗಿ ಎಲ್ಲ ಕೆಂಪಾದವು.

ಅದೇ ಹೊತ್ತಿಗೆ ನಾರಾಯಣಪ್ಪ ಬೀದಿ ತಿರುಗಿ ಬಂದ. ಕುಡಿದಿದ್ದ. ಕೆಂಪು ಮಚ್ಚು ಹಿಡಿದು ನಿಂತ ಬೈರನನ್ನು ಕಂಡು, ತನ್ನ ದಾರಿಯನ್ನೇ ಕಾಯುತ್ತಿದ್ದಾನೆ ಅಂದುಕೊಂಡ.

“ಇನ್ನೊಂದ್ಸಲ ಹಾಕಕ್ ನಿಂತಿದೀಯೇನೋ ಬೋಳಿಮಗ್ನೇ!” ಸೊಂಟದಿಂದ ಚಾಕು ಎಳೆದು ನುಗ್ಗಿದ.

“ಮಚ್ಚು ಕೆಳಗಾಕೋ ಬೈರ! ಜೈಲಿಗೋಗ್ತೀಯ!” ಮುನಿತಾಯಮ್ಮ ಕಿರುಚಿದಳು.

ಹುಡುಗ ಮಚ್ಚು ಕೆಳಗೆ ಹಾಕಿಯೇಬಿಟ್ಟ! ಚಾಕು ಮೊದಲು ಅವನ ಮುಂಗೈ ಸೀಳಿತು, ಆಮೇಲೆ ಭುಜಕ್ಕೆ ಇಳಿಯಿತು. ಆಗಲೂ ತಿರುಗಿ ಹೊಡೆಯಲಿಲ್ಲ, ಗೋಡೆಗೆ ಒತ್ತಿಕೊಂಡು ನಿಂತ. ನಾರಾಯಣಪ್ಪ ಹೊಟ್ಟೆಗೆ ಗುರಿಯಿಟ್ಟ. ಅಷ್ಟರಲ್ಲಿ ಮುನಿತಾಯಮ್ಮ ಬಿದ್ದಿದ್ದ ಮಚ್ಚು ಎತ್ತಿ, ಹಿಂಬದಿ ತಿರುಗಿಸಿ, ಅವನ ಹೆಗಲಿಗೆ ಬೀಸಿದಳು. ಮೂಳೆ ಮುರಿದ ಸದ್ದು ನನ್ನ ಶಾಪಿಗೇ ಕೇಳಿಸಿತು.

ಆಸ್ಪತ್ರೆಯಲ್ಲಿ ಬೈರನಿಗೆ ಹೊಲಿಗೆ ಹಾಕಿಸಿ ಪೊಲೀಸರು ಎಲ್ಲರನ್ನೂ ಸ್ಟೇಷನ್ನಿಗೆ ಎಳೆದೊಯ್ದರು. ಮುನಿತಾಯಮ್ಮ ನಡೆದದ್ದನ್ನು ಹೇಳಿದಳು. ಸಬ್‌ಇನ್ಸ್‌ಪೆಕ್ಟರ್ ಬಿದ್ದು ಬಿದ್ದು ನಕ್ಕ.

“ಈ ಮುದುಕಿ ಮೂಳೆ ಮುರಿದಳಂತೆ! ಹಳೇ ರೌಡಿ ಈ ಬೈರ. ಇವನದೇ ಕೆಲ್ಸ.”

ಕಣ್ಣಾರೆ ಕಂಡೆ ಸಾರ್ ಅಂದರೆ ನನ್ನ ಮಾತಿಗೂ ಬೆಲೆಯಿಲ್ಲ. ಕಲ್ಯಾಣಮ್ಮ ಓಡೋಡಿ ಬಂದು ಬೇಡಿಕೊಂಡರು, ಅದಕ್ಕೂ ಬಗ್ಗಲಿಲ್ಲ. ಇಷ್ಟು ಸಾಲದು ಅಂತ ಬೈರನೇ ಬಾಯಿಬಿಟ್ಟ: “ನಾನೇ ಹೊಡ್ದಿದ್ದು ಸಾರ್. ಅಕ್ಕನ್ನ ಬಿಟ್ಬಿಡಿ.”

ಮುನಿತಾಯಮ್ಮನ ಮುಖ ಕಪ್ಪಿಟ್ಟಿತು. ಮೇಜು ಬಳಸಿ ಹೋಗಿ ಸಬ್‌ಇನ್ಸ್‌ಪೆಕ್ಟರನ ಕೆನ್ನೆಗೆ ಬಿಟ್ಟಳು ನೋಡಿ, ಕುರ್ಚಿ ಸಮೇತ ಉರುಳಿದ.

“ಈಗ ಗೊತ್ತಾಯ್ತಾ ಸಾರ್, ಯಾರ್ ಕೈ ಅಂತ? ಬರ್ಕೊಳ್ಳಿ.”

ಬರೆದುಕೊಂಡರು. ಬೈರನನ್ನು ಹೊರಗೆ ತಳ್ಳಿ, ಅವಳನ್ನು ಒಳಗೆ ಎಳೆದುಕೊಂಡರು.

ಮೆಟ್ಟಿಲ ಮೇಲೆ ಕಲ್ಯಾಣಮ್ಮ ಅವನ ತಲೆ ಸವರಿ, “ಮುಚ್ಚಳಿಕೆ ಉಳೀತಪ್ಪ, ಜೈಲಿಲ್ಲ ನಿನಗೆ. ಇನ್ನು ಮನೆಗೆ ಹೋಗು” ಅಂದರು.

ಒಳಗಿಂದ ಲಾಠಿ ಬೀಳುವ ಸದ್ದು ಬರುತ್ತಲೇ ಇತ್ತು. ಮುನಿತಾಯಮ್ಮನ ಬಾಯಿಂದ ಒಂದು ಸ್ವರ ಹೊರಡಲಿಲ್ಲ.

“ಯಾವ ಮನೆಗೆ ಮೇಡಂ?” ಅಂದ ಬೈರ.